ಔಷಧದಾನದ ಕಥೆಯನ್ನು ಯಾರು ಹೇಳಬೇಕು?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಜೈನಧರ್ಮವು ಶ್ರಾವಕನಿಗೆ ವಿಧಿಸಿದೆ. ಇವುಗಳಲ್ಲಿ ಔಷಧದಾನಕ್ಕೆ ಮಿಕ್ಕವುಗಳಿಗೆ ಇಲ್ಲದ ಒಂದು ತೊಡಕಿದೆ. ಅನ್ನವನ್ನು ಉಂಡವನು ತನ್ನ ಹಸಿವು ತಣಿದುದನ್ನು ಎಲೆಯ ಮುಂದೆಯೇ ಬಲ್ಲನು. ಔಷಧದ ವಿಷಯ ಹಾಗಲ್ಲ. ರೋಗ ವಾಸಿಯಾದುದು ಮದ್ದಿನಿಂದಲೋ ದೇಹಧರ್ಮದಿಂದಲೋ, ಕೊಟ್ಟವನು ಸಕಾಲದಲ್ಲಿ ಕೊಟ್ಟನೋ ತಡಮಾಡಿ ಕೊಟ್ಟನೋ ಎಂಬುದು ಎಷ್ಟೋ ಸಲ ಕೊಟ್ಟವನಿಗೂ ತಿಳಿಯದು, ಪಡೆದವನಿಗೂ ತಿಳಿಯದು. ಇಬ್ಬರ ಮಾತನ್ನೂ ಕೂಡಿಸಿ ನೋಡಿದರೆ ಮಾತ್ರ ಲೆಕ್ಕ ಹೊಂದುತ್ತದೆ. ವರ್ತಕರ ಮನೆಗಳಲ್ಲಿ ಹುಟ್ಟಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಅಂಗಡಿಯವನ ಖಾತೆಯೊಂದನ್ನೇ ನೋಡಿ ಬಾಕಿಯನ್ನು ತೀರ್ಮಾನಿಸುವ ಪಂಚಾಯಿತಿ ಎಲ್ಲಿಯೂ ಇಲ್ಲ.

ದೊಡ್ಡ ನಗರಗಳ ಆಸ್ಪತ್ರೆಗಳು ತಮ್ಮ ಹಿರಿಯ ವೈದ್ಯರನ್ನೂ ಆಡಳಿತ ನಡೆಸಿದ ಧುರೀಣರನ್ನೂ ಕುಳ್ಳಿರಿಸಿ, ಅವರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸಿ ಇಡುವ ಕಾರ್ಯ ಈಚಿನ ದಶಕಗಳಲ್ಲಿ ನಡೆಯುತ್ತಿದೆ. ಇದನ್ನು ಮೌಖಿಕ ಇತಿಹಾಸವೆಂದು ಕರೆಯುತ್ತಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1948ರಲ್ಲಿ ಅಲನ್ ನೆವಿನ್ಸ್ ಎಂಬ ಇತಿಹಾಸಕಾರರು ಈ ಕೆಲಸವನ್ನು ಕ್ರಮಬದ್ಧವಾಗಿ ಆರಂಭಿಸಿದಾಗ ಮೊದಲು ಹುಡುಕಿದ್ದು ಸಮಾಜದ ಮುಂದಾಳುಗಳನ್ನು. ಅದೇ 1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಆ ಸೇವೆಗೆ 2018ರಲ್ಲಿ 70 ವರ್ಷ ತುಂಬಿದ ಸಂದರ್ಭದಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಅದರ ನೆನಪುಗಳನ್ನು ಸಂಗ್ರಹಿಸಿದರು. ಅವರು ವೈದ್ಯರ ಜೊತೆಗೆ ದಾದಿಯರನ್ನೂ ಕೆಲಸಗಾರರನ್ನೂ ರೋಗಿಗಳನ್ನೂ ಕೇಳಿದರು. ಏಳು ದಶಕಗಳಲ್ಲಿ ಆದ ಈ ಬದಲಾವಣೆಯ ಹಿಂದೆ ಒಂದು ಧರ್ಮಪ್ರಶ್ನೆ ಅಡಗಿದೆ. ಆಸ್ಪತ್ರೆಯ ಕಥೆಯನ್ನು ಹೇಳುವ ಅಧಿಕಾರ ಯಾರದು? ಕೊಟ್ಟವನದೋ, ಪಡೆದವನದೋ?

ಈ ಪ್ರಶ್ನೆಯನ್ನು ನಗರದ ಆಸ್ಪತ್ರೆಯ ಹೆಬ್ಬಾಗಿಲಲ್ಲಿ ನಿಂತು ನೋಡುವುದಕ್ಕಿಂತ ರೋಗಿಯು ಹೊರಟು ಬರುವ ಊರಿನಿಂದ ನೋಡುವುದು ಉಚಿತ. ವಯನಾಡು ಜಿಲ್ಲೆಯ ತಿರುನೆಲ್ಲಿ ಅಂಥ ಒಂದು ಊರು. ಬ್ರಹ್ಮಗಿರಿಯ ಮಡಿಲಲ್ಲಿ, ಕೊಡಗಿನ ಗಡಿಗೆ ಸಮೀಪವಾಗಿರುವ ಈ ಕ್ಷೇತ್ರವು ವಿಷ್ಣು ದೇವಾಲಯಕ್ಕೂ ಪಾಪನಾಶಿನಿ ತೊರೆಗೂ ಪ್ರಸಿದ್ಧವಾಗಿದೆ. ಗತಿಸಿದ ಹಿರಿಯರಿಗೆ ಪಿಂಡಪ್ರದಾನ ಮಾಡಲು ಮಲಬಾರು, ಕೊಡಗು, ಮೈಸೂರು ಸೀಮೆಗಳಿಂದ ಜನ ಅಲ್ಲಿಗೆ ಬರುತ್ತಾರೆ. ಸುತ್ತಲಿನ ಕಾಡಂಚಿನ ಹಾಡಿಗಳಲ್ಲಿ ಅಡಿಯರು, ಕಾಟುನಾಯ್ಕರು, ಕುರಿಚ್ಯರು, ಪಣಿಯರು ವಾಸವಾಗಿದ್ದಾರೆ. ಕಾಟುನಾಯ್ಕರ ಮನೆಮಾತು ಕನ್ನಡಕ್ಕೆ ಹತ್ತಿರದ್ದು. ರಾವುಳವೆಂದು ಕರೆಯುವ ಅಡಿಯರ ಮಾತಿಗೂ ಕನ್ನಡದ ನಂಟಿದೆ.

ಈ ಹಾಡಿಗಳಲ್ಲಿ ಒಬ್ಬರಿಗೆ ಜ್ವರ ಬಂದು ಬಿಡದಿದ್ದರೆ ಮೊದಲು ಅಪ್ಪಪ್ಪಾರೆಯ ಆರೋಗ್ಯ ಕೇಂದ್ರ. ಅಲ್ಲಿ ಆಗದಿದ್ದರೆ ತಿರುನೆಲ್ಲಿಯಿಂದ ಸುಮಾರು 30 ಕಿ.ಮೀ. ದೂರದ ಮಾನಂದವಾಡಿ, ಅಲ್ಲಿನ ಜಿಲ್ಲಾ ಆಸ್ಪತ್ರೆಯನ್ನು 2021ರಲ್ಲಿ ವೈದ್ಯಕೀಯ ಕಾಲೇಜಿನ ಮಟ್ಟಕ್ಕೆ ಏರಿಸಲಾಯಿತು. ಅಲ್ಲಿಯೂ ಕೈಚೆಲ್ಲಿದಾಗ ಬಹುಕಾಲದಿಂದ ಉಳಿದಿರುವ ದಾರಿ ಕಲ್ಲಿಕೋಟೆಯ ಸರ್ಕಾರಿ ವೈದ್ಯಕೀಯ ಕಾಲೇಜಿನದು. 1957ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಮಾನಂದವಾಡಿಯಿಂದ ಇನ್ನೂ ಸುಮಾರು 100 ಕಿ.ಮೀ. ದೂರ, ನಡುವೆ ತಾಮರಶ್ಶೇರಿ ಘಾಟಿಯ 9 ಹೇರ್‌ಪಿನ್ ತಿರುವುಗಳು. ಬಾವಲಿಯ ಮಾರ್ಗವಾಗಿ ಮೈಸೂರಿಗೆ ಹೋಗುವವರೂ ಉಂಟು. ಆದರೆ ಅದು ಅಭಯಾರಣ್ಯದ ದಾರಿ, ರಾತ್ರಿಯ ಹೊತ್ತು ಸಾಮಾನ್ಯ ವಾಹನಗಳಿಗೆ ತಡೆ. ಕಲ್ಲಿಕೋಟೆಯ ವಾರ್ಡಿನ ವೈದ್ಯರು ತಮ್ಮ ನೆನಪನ್ನು ಹೇಳಲು ಕುಳಿತಾಗ ಅವರ ಕಥೆಯು ರೋಗಿ ಒಳಗೆ ಬಂದ ಗಳಿಗೆಯಿಂದ ಆರಂಭವಾಗುವುದು ಸಹಜ. ರೋಗಿಯ ಪಾಲಿಗೆ ಆ ಹೊತ್ತಿಗೆ ಅರ್ಧ ಕಥೆ ಮುಗಿದಿರುತ್ತದೆ.

ಆ ಘಾಟಿಯ ರಸ್ತೆಗೇ ಒಂದು ಐತಿಹ್ಯವಿದೆ. ಬೆಟ್ಟವನ್ನು ಹತ್ತುವ ದಾರಿ ಸಿಗದೆ ಇಂಗ್ಲಿಷರು ಬಳಲುತ್ತಿದ್ದಾಗ ಕರಿಂತಂಡನ್ ಎಂಬ ಪಣಿಯ ಯುವಕನು ಕಾಡಿನ ಜಾಡನ್ನು ತೋರಿಸಿಕೊಟ್ಟನೆಂದೂ, ದಾರಿಯನ್ನು ಕಂಡುಹಿಡಿದ ಕೀರ್ತಿ ತನಗೇ ಉಳಿಯಲೆಂದು ಇಂಗ್ಲಿಷ್ ಅಧಿಕಾರಿಯು ಅವನನ್ನು ಕೊಂದನೆಂದೂ ಜನ ಹೇಳುತ್ತಾರೆ. ಅಲೆಯುತ್ತಿದ್ದ ಅವನ ಆತ್ಮವನ್ನು ಬಂಧಿಸಿದ್ದೆಂದು ಹೇಳುವ ಸರಪಳಿಯು ಲಕ್ಕಿಡಿಯ ಒಂದು ಮರದಲ್ಲಿ ಇಂದಿಗೂ ಕಾಣಸಿಗುತ್ತದೆ. ಇದಕ್ಕೆ ಕಾಗದಪತ್ರದ ಆಧಾರವನ್ನು ಕೇಳುವವರು ಕೇಳಲಿ. ದಾರಿಯನ್ನು ಬಲ್ಲವನ ಹೆಸರು ದಾರಿಯ ದಾಖಲೆಯಲ್ಲಿ ಇರುವುದಿಲ್ಲವೆಂಬ ಅನುಭವವು ಒಂದು ಜನಾಂಗದ ಬಾಯಲ್ಲಿ ಕಥೆಯಾಗಿ ಉಳಿದಿದೆ ಎಂಬುದಂತೂ ನಿಜ. ಆಸ್ಪತ್ರೆಗೆ ಹೋಗುವ ಪ್ರತಿಯೊಂದು ವಾಹನವೂ ಆ ಮರದ ಪಕ್ಕದಲ್ಲಿಯೇ ಹಾದುಹೋಗುತ್ತದೆ.

ಬಾಯಿಮಾತಿನ ಬೆಲೆಯನ್ನು ಜೈನರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಭಗವಾನ್ ಮಹಾವೀರರ ಉಪದೇಶವು ಶತಮಾನಗಳ ಕಾಲ ಗುರುವಿನಿಂದ ಶಿಷ್ಯನಿಗೆ ಕಿವಿಯಿಂದ ಕಿವಿಗೆ ಬಂದುದರಿಂದಲೇ ಅದಕ್ಕೆ ಶ್ರುತವೆಂಬ ಹೆಸರಾಯಿತು. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮ ಆಯುಷ್ಯ ಮುಗಿಯುವ ಕಾಲ ಬಂದುದನ್ನು ಅರಿತು, ತಮ್ಮೊಡನೆ ಶ್ರುತವೂ ಲೋಪವಾದೀತೆಂದು ಕಳವಳಗೊಂಡರು. ದಕ್ಷಿಣದಿಂದ ಬಂದ ಇಬ್ಬರು ಮುನಿಗಳಿಗೆ ಅವರು ತಮಗೆ ತಿಳಿದುದನ್ನು ಧಾರೆಯೆರೆದರು. ಪುಷ್ಪದಂತ ಮತ್ತು ಭೂತಬಲಿ ಎಂಬ ಆ ಮುನಿಗಳಿಂದ ಷಟ್ಖಂಡಾಗಮವು ಬರಹಕ್ಕೆ ಇಳಿಯಿತು. ಅದರ ತಾಳೆಯೋಲೆಗಳನ್ನು ಮೂಡುಬಿದಿರೆಯು ಕಾಪಾಡಿತು. ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸುವುದು ಅದರ ನೆನಪಿಗಾಗಿ. ಶ್ವೇತಾಂಬರ ಪರಂಪರೆಯಲ್ಲಿ ದೇವರ್ಧಿಗಣಿ ಕ್ಷಮಾಶ್ರಮಣರು ವಲ್ಲಭಿಯಲ್ಲಿ ಆಗಮಗಳನ್ನು ಬರಹಕ್ಕೆ ಇಳಿಸಿದುದೂ ಇಂಥದೇ ಕಳವಳದಿಂದ. ಹಾಗಿರುವಾಗ ಎಂಬತ್ತು ದಾಟಿದ ವೈದ್ಯರೊಬ್ಬರ ನೆನಪನ್ನು ಅವರು ಇರುವಾಗಲೇ ಕೇಳಿ ಇಡುವುದು ಶಾಸ್ತ್ರದಾನಕ್ಕೆ ಸೇರಿದ ಕಾರ್ಯವೆಂದರೆ ತಪ್ಪಾಗಲಾರದು. ವೈದ್ಯವಿದ್ಯೆಯನ್ನು ಬರೆದಿಡುವುದು ಜೈನರಿಗೆ ಹೊಸದೂ ಅಲ್ಲ. ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ಮಾಂಸ, ಮದ್ಯ, ಮಧುಗಳಿಲ್ಲದೆ ಚಿಕಿತ್ಸೆ ಸಾಧ್ಯವೆಂದು ‘ಕಲ್ಯಾಣಕಾರಕ’ದಲ್ಲಿ ಪ್ರತಿಪಾದಿಸಿದರು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿಯೇ ರಚಿಸಿದನು.

ಇಷ್ಟನ್ನು ಒಪ್ಪಿದ ಮೇಲೆಯೂ ಒಂದು ಆಕ್ಷೇಪ ಉಳಿಯುತ್ತದೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ದಾತೃವಿಗೆ ಇರಬೇಕಾದ ಏಳು ಗುಣಗಳನ್ನು ಹೇಳುತ್ತಾರೆ. ಅವುಗಳಲ್ಲಿ ನಿಷ್ಕಪಟತೆಯೂ ಒಂದು, ನಿರಹಂಕಾರವೂ ಒಂದು. ತಾನು ಮಾಡಿದ ಸೇವೆಯ ಕಥೆಯನ್ನು ತಾನೇ ಗಂಟೆಗಟ್ಟಲೆ ಹೇಳಿ ಮುದ್ರಿಸಿ ಇರಿಸುವವನಲ್ಲಿ ನಿರಹಂಕಾರ ಉಳಿಯುವುದು ಹೇಗೆ? ಹೇಳದೆ ಉಳಿದರೆ ಜ್ಞಾನ ನಷ್ಟ, ಹೇಳಿದರೆ ಮಾನಕಷಾಯದ ಭಯ. ಇದು ಸುಲಭವಾಗಿ ತಳ್ಳಿಹಾಕುವ ಆಕ್ಷೇಪವಲ್ಲ. ಸಮಾಜದ ಟ್ರಸ್ಟುಗಳು ನಡೆಸುವ ವೈದ್ಯಕೀಯ ಶಿಬಿರಗಳ ವರದಿಗಳನ್ನು ಓದಿದರೆ ಸಾಕು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಪ್ರಾಯೋಜಕರು, ಛಾಯಾಚಿತ್ರದಲ್ಲಿ ಎಡದಿಂದ ಬಲಕ್ಕೆ ನಿಂತವರು, ಎಲ್ಲರ ಹೆಸರೂ ಉಂಟು. ಕೊನೆಗೆ ಇಷ್ಟು ಮಂದಿ ಪ್ರಯೋಜನ ಪಡೆದರೆಂಬ ಒಂದು ಸಾಲು. ಆ ಇಷ್ಟು ಮಂದಿಯಲ್ಲಿ ಒಬ್ಬರ ಮಾತೂ ಅಲ್ಲಿರುವುದಿಲ್ಲ. ಸ್ಮರಣ ಸಂಚಿಕೆಗಳು ದಾನಿಗಳ ಔದಾರ್ಯದಿಂದಲೇ ಅಚ್ಚಾಗುವುದರಿಂದ ಇದನ್ನು ಹೇಳುವುದು ಸ್ವಲ್ಪ ಇರಿಸುಮುರಿಸಿನ ಮಾತು.

ಕಲ್ಲಿನ ಬರಹವೂ ಹೀಗೆಯೇ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರ ಜೂನ್ 22ರಂದು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಶಂಕುಸ್ಥಾಪನೆ ಮಾಡಿದರು. 1900ರ ಡಿಸೆಂಬರ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಉದ್ಘಾಟಿಸಿದರು. ಈ ಎರಡು ದಿನಾಂಕಗಳ ನಡುವೆ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದು ಜನ ಮನೆ ತೊರೆದು ಬಯಲಿಗೆ ಓಡಿದರು. ಶಂಕುಸ್ಥಾಪನೆಯ ಮತ್ತು ಉದ್ಘಾಟನೆಯ ವಿವರಗಳು ದಿನ ತಪ್ಪದಂತೆ ಉಳಿದಿವೆ. ಪ್ಲೇಗಿನ ಶವಗಳನ್ನು ಹೊತ್ತವರು ಏನು ಕಂಡರೆಂದು ಕೇಳಲು ಈಗ ಯಾರೂ ಉಳಿದಿಲ್ಲ.

ಪಡೆದವರ ಮಾತು ಬೇಕೆನ್ನುವುದು ಕೇವಲ ಔದಾರ್ಯವಲ್ಲವೆಂಬುದನ್ನು ಕಲ್ಲಿಕೋಟೆಯೇ 2018ರ ಮೇ ತಿಂಗಳಲ್ಲಿ ತೋರಿಸಿತು. ಪೇರಾಂಬ್ರದ ಕಡೆಯ ಒಬ್ಬ ಯುವಕನು ಜ್ವರದಿಂದ ತೀರಿಕೊಂಡನು. ಕೆಲವೇ ದಿನಗಳಲ್ಲಿ ಅವನ ಸಹೋದರನು ಅದೇ ಬಗೆಯ ಲಕ್ಷಣಗಳೊಡನೆ ನಗರದ ಒಂದು ಖಾಸಗಿ ಆಸ್ಪತ್ರೆಗೆ ಬಂದನು. ಮನೆಯಲ್ಲಿ ಇನ್ನೊಬ್ಬರು ಹೀಗೆಯೇ ತೀರಿಕೊಂಡ ಸಂಗತಿಯನ್ನು ಅಲ್ಲಿನ ವೈದ್ಯರು ಗಮನಕ್ಕೆ ತೆಗೆದುಕೊಂಡರು. ಇದು ಮಾಮೂಲು ಜ್ವರವಲ್ಲವೆಂಬ ಸಂಶಯ ಅವರಿಗೆ ಹುಟ್ಟಿತು. ಮಾದರಿಗಳು ಕರ್ನಾಟಕದ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ ಹೋದವು. ಡಾ. ಜಿ. ಅರುಣ್‌ಕುಮಾರ್ ಅವರ ತಂಡವು ಅದು ನಿಪಾ ವೈರಾಣುವೆಂದು ಗುರುತಿಸಿತು. ಪುಣೆಯ ರಾಷ್ಟ್ರೀಯ ಸಂಸ್ಥೆ ಅದನ್ನು ದೃಢಪಡಿಸಿತು. ಯಂತ್ರಗಳು ಮಾಡಿದ ಕೆಲಸ ದೊಡ್ಡದು. ಆದರೆ ಯಂತ್ರಕ್ಕೆ ಮಾದರಿಯನ್ನು ಕಳುಹಿಸಬೇಕೆಂದು ತೋರಿದುದು ಮನೆಯವರ ಕಥೆಯನ್ನು ಕಿವಿಗೊಟ್ಟು ಕೇಳಿದುದರಿಂದ.

ಅದರ ಮುಂದಿನ ಸಂಗತಿ ಇನ್ನೂ ಮುಖ್ಯ. ಮೊದಲು ತೀರಿಕೊಂಡವನಿಂದ ರೋಗವು ಯಾರು ಯಾರಿಗೆ ಹರಡಿತೆಂದು ಹುಡುಕಿದಾಗ ಜಾಡು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗಾಗಿ ಜನ ಕಾಯುವ ಓಣಿಗೆ ಹೋಯಿತು. ಅಂದು ಆ ಓಣಿಯಲ್ಲಿ ಯಾರು ಎಲ್ಲಿ ಕುಳಿತಿದ್ದರು, ಕೆಮ್ಮುತ್ತಿದ್ದ ರೋಗಿಯನ್ನು ಯಾರು ಹಿಡಿದುಕೊಂಡಿದ್ದರು ಎಂಬುದು ಯಾವ ಕೇಸ್ ಷೀಟಿನಲ್ಲಿಯೂ ಬರೆದಿರುವಂಥದಲ್ಲ. ಅದನ್ನು ಬಲ್ಲವರು ಕಾದು ಕುಳಿತಿದ್ದವರು ಮತ್ತು ಅವರ ಬಂಧುಗಳು. ಮಲೆಯಾಳದಲ್ಲಿ ರೋಗಿಯ ಜೊತೆಗೆ ಆಸ್ಪತ್ರೆಯಲ್ಲಿ ಉಳಿಯುವವರನ್ನು ‘ಕೂಟ್ಟಿರಿಪ್ಪುಕಾರ್’ ಎನ್ನುತ್ತಾರೆ, ಕೂಡಿ ಇರುವವರು ಎಂದರ್ಥ. ಗಂಜಿ ತರುವವರು, ಚೀಟಿ ಹಿಡಿದು ಔಷಧದಂಗಡಿಗೆ ಓಡುವವರು, ಮಂಚದ ಕೆಳಗೆ ಚಾಪೆ ಹಾಸಿ ಮಲಗುವವರು ಇವರೇ. ಆಸ್ಪತ್ರೆಯ ರಾತ್ರಿಗಳನ್ನು ಪೂರ್ತಿಯಾಗಿ ಕಂಡವರೂ ಇವರೇ. ಅದೇ ದಿನಗಳಲ್ಲಿ ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿ ಪುದುಶ್ಶೇರಿ ರೋಗಿಯ ಆರೈಕೆಯಿಂದ ಸೋಂಕು ತಗುಲಿ ಮೇ 21ರಂದು ತೀರಿಕೊಂಡರು. ಕೊನೆಯ ಗಳಿಗೆಯಲ್ಲಿ ಆಕೆ ಪತಿಗೆ ಬರೆದ ಪುಟ್ಟ ಚೀಟಿಯನ್ನು ನಾಡೇ ಓದಿತು. ಆ ಚೀಟಿ ಇಲ್ಲದಿದ್ದರೆ ಆಕೆಯ ಹೆಸರೂ ಒಂದು ಸಂಖ್ಯೆಯೊಳಗೆ ಸೇರಿಹೋಗುತ್ತಿತ್ತೇನೋ.

ತಿರುನೆಲ್ಲಿಗೆ ಮರಳಿದರೆ ಮಂಗನ ಕಾಯಿಲೆಯ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ರೋಗವು 2013ರ ಹೊತ್ತಿಗೆ ವಯನಾಡಿನಲ್ಲಿ ಕಾಣಿಸಿಕೊಂಡಿತು. 2015ರಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು, 2020ರಲ್ಲಿ ತಿರುನೆಲ್ಲಿ ಪಂಚಾಯಿತಿಯನ್ನೂ ಕಾಡಿತು. ಕಾಡಿನಲ್ಲಿ ಮಂಗ ಸತ್ತು ಬಿದ್ದುದನ್ನು ಮೊದಲು ಕಾಣುವವರು ಸೌದೆಗೂ ಜೇನಿಗೂ ಹೋಗುವವರು. ಅವರು ಹೇಳದಿದ್ದರೆ, ಹೇಳಿದರೂ ಯಾರೂ ಕೇಳದಿದ್ದರೆ, ನಗರದ ಆಸ್ಪತ್ರೆಗೆ ರೋಗವು ಬಂದು ತಲುಪುವವರೆಗೆ ಅದು ಸುದ್ದಿಯೇ ಅಲ್ಲ.

ಕುಡುಗೋಲು ಕಣ ರೋಗದ ಕಥೆ ಇದಕ್ಕಿಂತ ದೀರ್ಘವಾದುದು. ರಕ್ತದ ಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿ, ಕೀಲುಗಳಲ್ಲಿಯೂ ಎಲುಬುಗಳಲ್ಲಿಯೂ ಸಹಿಸಲಾಗದ ನೋವನ್ನು ಉಂಟುಮಾಡುವ ರೋಗವಿದು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ರೋಗವಾಗುತ್ತದೆ, ಒಬ್ಬರಿಂದ ಮಾತ್ರ ಬಂದರೆ ವಾಹಕತ್ವ. ಭಾರತದಲ್ಲಿ ಇದನ್ನು 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಶ್ ಎಂಬ ವಿಜ್ಞಾನಿಗಳು ವಯನಾಡಿನ ನೆರೆಯ ನೀಲಗಿರಿಯ ಗಿರಿಜನರಲ್ಲಿ ಗುರುತಿಸಿದರು. ಆದರೆ ಆ ತಿಳಿವಳಿಕೆ ವಯನಾಡಿನ ಹಾಡಿಗಳಿಗೆ ಇಳಿಯಲು ದಶಕಗಳು ಹಿಡಿದವು. ನಾಗಪುರದಲ್ಲಿ ಓದಿದ ಡಾ. ಧನಂಜಯ ದಿವಾಕರ ಸಗದೇವ್ ಅವರು 1980ರಲ್ಲಿ ಮುಟ್ಟಿಲ್‌ನ ಸ್ವಾಮಿ ವಿವೇಕಾನಂದ ಮೆಡಿಕಲ್ ಮಿಷನ್ನಿಗೆ ಬಂದು ಅಲ್ಲಿಯೇ ನೆಲೆಸಿದರು; ಗಿರಿಜನರ ನಡುವೆ ಈ ರೋಗದ ಪತ್ತೆಗೂ ಚಿಕಿತ್ಸೆಗೂ ದುಡಿದರು. ಅವರಿಗೆ 2021ರ ಪದ್ಮಶ್ರೀ ಪ್ರಶಸ್ತಿ ಬಂದಿತು. ಇಂಥವರ ನೆನಪುಗಳನ್ನು ಕೇಳಿ ಇಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ 1952ರಿಂದ ಈಚೆಗೆ ನೋವಿನಿಂದ ಏಳಲಾಗದೆ ಮಲಗಿದವರಿಗೆ ಏನಾಯಿತು ಎಂಬ ಕಥೆ ವೈದ್ಯರ ಬಳಿ ಇಲ್ಲ, ಏಕೆಂದರೆ ಆಗ ಅಲ್ಲಿ ವೈದ್ಯರೇ ಇರಲಿಲ್ಲ. ಅವರನ್ನು ನೋಡಿದವರು ಕೂಲಿಗೆ ಕರೆಯಲು ಬಂದವರು. ಕಣ್ಣಿಗೆ ಗಾಯ ಕಾಣದ ನೋವನ್ನು ಸೋಮಾರಿತನವೆಂದು ತಿಳಿಯುವುದು ಎಷ್ಟು ಸುಲಭ!

ಇಲ್ಲಿ ಸಮಾಜ ಬಾಂಧವರು ಸ್ವಲ್ಪ ನಿಂತು ಯೋಚಿಸಬೇಕಾದ ಸಂಗತಿಯಿದೆ. ಮಾನಂದವಾಡಿಯ ಬಳಿಯ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಅಡಿಯರನ್ನೂ ಪಣಿಯರನ್ನೂ ಒಂದು ವರ್ಷದ ದುಡಿಮೆಗೆ ಮುಂಗಡ ಕೊಟ್ಟು, ದೇವಿಯ ಸನ್ನಿಧಿಯಲ್ಲಿ ಮಾತು ಪಡೆದು ಗೊತ್ತುಮಾಡಿಕೊಳ್ಳುವ ಪದ್ಧತಿ ಬಹುಕಾಲ ನಡೆಯಿತು. ಜೀತಪದ್ಧತಿಯನ್ನು ಕಾನೂನು ತೊಡೆದುಹಾಕಿದುದು 1976ರಲ್ಲಿ. ಈ ದುಡಿಮೆಯ ಫಲವನ್ನು ಉಂಡ ಭೂಮಾಲೀಕರಲ್ಲಿ ಹಲವು ಜಾತಿ ಮತಗಳವರಿದ್ದರು. ಕನ್ನಡ ನಾಡಿನಿಂದ ಬಂದು ಗದ್ದೆ ತೋಟಗಳನ್ನು ಮಾಡಿ ನೆಲೆಸಿದ ಜೈನ ಮನೆತನಗಳು ಇದರ ಹೊರಗಿದ್ದವೆಂದು ಹೇಳಲು ಬಾರದು. ಶಾಲೆ, ಸಾರ್ವಜನಿಕ ಸೇವೆ, ಸ್ವಾತಂತ್ರ್ಯ ಚಳವಳಿ, ಪತ್ರಿಕೋದ್ಯಮಗಳಲ್ಲಿ ವಯನಾಡಿನ ಜೈನರು ಗಳಿಸಿದ ಹೆಸರು ನ್ಯಾಯವಾದುದು. 1957ರಲ್ಲಿ ಲೋಕಸಭೆಗೆ ಆಯ್ಕೆಯಾದ ಎಂ.ಕೆ. ಜಿನಚಂದ್ರನ್ ಅಂಥವರನ್ನು ನೆನೆಯುವುದು ಹೆಮ್ಮೆಯ ವಿಷಯ. ಆದರೆ ಜಮೆಯ ಪುಟವನ್ನು ತೆರೆದಿಟ್ಟು ಖರ್ಚಿನ ಪುಟವನ್ನು ಮಡಿಚಿಡುವುದಕ್ಕೆ ಲೆಕ್ಕವೆಂಬ ಹೆಸರು ಸಲ್ಲದು. ಬೇರೆಯವರು ಬರೆದ ಹೆಸರಿನಲ್ಲಿ ಬದುಕುವ ಕಷ್ಟವನ್ನು ಜೈನರೂ ಬಲ್ಲರು. ಒಂದು ಕಾಲದಲ್ಲಿ ಹನ್ನೆರಡು ಬೀದಿ ಎನಿಸಿಕೊಂಡಿದ್ದ ಊರು, ಅಲ್ಲಿಯ ಬಸದಿಯಲ್ಲಿ ಟಿಪ್ಪುವಿನ ಸೈನ್ಯ ಮದ್ದುಗುಂಡುಗಳನ್ನು ಇರಿಸಿದ ಕಾರಣಕ್ಕೆ ಸುಲ್ತಾನ್ ಬತ್ತೇರಿಯಾಯಿತು. ಊರಿನ ಹೆಸರು ಫಿರಂಗಿಯನ್ನು ನೆನೆಯುತ್ತದೆ, ಪೂಜೆಯನ್ನು ನೆನೆಯುವುದಿಲ್ಲ.

ಹಾಗಾದರೆ ವೈದ್ಯನೂ ಧುರೀಣನೂ ಏನನ್ನು ಹೇಳಬೇಕು? ಮಾನಕಷಾಯದ ಆಕ್ಷೇಪಕ್ಕೆ ಉತ್ತರವು ಜೈನ ಆಚಾರದಲ್ಲಿಯೇ ಇದೆ. ಗುರುವಿನ ಮುಂದೆ ತನ್ನ ದೋಷಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದಕ್ಕೆ ಆಲೋಚನೆ ಎನ್ನುತ್ತಾರೆ. ಮಾಡಿದ ತಪ್ಪಿನಿಂದ ಹಿಂದಿರುಗುವುದು ಪ್ರತಿಕ್ರಮಣ. ವೈದ್ಯನು ತನ್ನ ಯಶಸ್ಸನ್ನು ಹೇಳದಿದ್ದರೂ ನಷ್ಟವಿಲ್ಲ, ಗುಣವಾದವರು ಅದನ್ನು ಹೇಳುತ್ತಾರೆ. ತಪ್ಪಿದ ರೋಗನಿದಾನವನ್ನು, ತಡವಾದ ನಿರ್ಧಾರವನ್ನು, ಹಾಸಿಗೆಯಿಲ್ಲವೆಂದು ಹಿಂದಕ್ಕೆ ಕಳುಹಿಸಿದ ರಾತ್ರಿಯನ್ನು ಅವನಲ್ಲದೆ ಬೇರೆ ಯಾರೂ ಸರಿಯಾಗಿ ಹೇಳಲಾರರು. ಯಾವ ಧುರೀಣನು ಯಾವ ಕಟ್ಟಡಕ್ಕೆ ಹಣ ತಂದನೆಂಬುದು ಕಡತದಲ್ಲಿ ಸಿಗುತ್ತದೆ. ಯಾವುದಕ್ಕೆ ಹಣವಿಲ್ಲವೆಂದು ಹೇಳಿದನು, ಅಂದು ಅವನ ಮನಸ್ಸಿನಲ್ಲಿ ಏನಿತ್ತು ಎಂಬುದು ಅವನ ಬಾಯಲ್ಲಿ ಮಾತ್ರ ಸಿಗುತ್ತದೆ. ಹಾಗೆ ಹೇಳುವುದರಿಂದ ಅಹಂಕಾರ ಬೆಳೆಯುವುದಿಲ್ಲ, ಕರಗುತ್ತದೆ.

ತಡವಾಗಿ ಹೇಳಿದ ಇಂಥ ಒಂದು ಮಾತಿನ ಬಲವನ್ನು ತಿರುನೆಲ್ಲಿಯ ಕಾಡು ಕಂಡಿದ್ದಿದೆ, ಆಸ್ಪತ್ರೆಯ ವಿಷಯದಲ್ಲಿ ಅಲ್ಲದಿದ್ದರೂ. ನಕ್ಸಲೀಯ ನಾಯಕ ಎ. ವರ್ಗೀಸ್ 1970ರ ಫೆಬ್ರವರಿ 18ರಂದು ಅಲ್ಲಿ ಗುಂಡೇಟಿನಿಂದ ಸತ್ತಾಗ ಅದು ಪೊಲೀಸರೊಡನೆ ನಡೆದ ಕಾಳಗದಲ್ಲಿ ಆದ ಸಾವೆಂದು ಕಾಗದದಲ್ಲಿ ಬರೆಯಲಾಯಿತು. 28 ವರ್ಷಗಳ ಅನಂತರ, 1998ರಲ್ಲಿ, ಅಂದಿನ ಒಬ್ಬ ಕಾನ್‌ಸ್ಟೇಬಲ್ ತಾನೇ ಮೇಲಧಿಕಾರಿಗಳ ಆಜ್ಞೆಯಂತೆ ಸೆರೆಸಿಕ್ಕ ವರ್ಗೀಸನನ್ನು ಕೊಂದುದಾಗಿ ಬಹಿರಂಗವಾಗಿ ಹೇಳಿದನು. ಅದರಿಂದ ತನಗೇ ಶಿಕ್ಷೆಯಾದೀತೆಂದು ಅವನಿಗೆ ತಿಳಿಯದೆ ಇರಲಿಲ್ಲ. 2010ರಲ್ಲಿ ಸಿಬಿಐ ನ್ಯಾಯಾಲಯವು ಒಬ್ಬ ನಿವೃತ್ತ ಉನ್ನತ ಪೊಲೀಸ್ ಅಧಿಕಾರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ವರ್ಗೀಸನ ಹಿಂಸಾಮಾರ್ಗವನ್ನು ಅಹಿಂಸಾಧರ್ಮಿಗಳು ಒಪ್ಪಲಾರರು. ಆ ಕಾನ್‌ಸ್ಟೇಬಲನ ಮಾತಿನ ಸ್ವರೂಪವನ್ನು ಮಾತ್ರ ಚೆನ್ನಾಗಿ ಬಲ್ಲರು.

ಸತ್ಯವನ್ನು ಹೇಳುವಾಗ ಅಹಿಂಸೆಯ ಮಿತಿಯೂ ಇದೆ. ಪರರಿಗೆ ಪೀಡೆಯಾಗುವ ಮಾತು ನಿಜವಾದರೂ ಸತ್ಯಾಣುವ್ರತಕ್ಕೆ ಸಲ್ಲದೆಂದು ಶ್ರಾವಕಾಚಾರ ಹೇಳುತ್ತದೆ. ವೈದ್ಯನು ತನ್ನ ತಪ್ಪನ್ನು ಹೇಳುವ ಭರದಲ್ಲಿ ರೋಗಿಯ ಗುಟ್ಟನ್ನು ಹೊರಗೆಡಹಬಾರದು. ಕುಡುಗೋಲು ಕಣದ ವಿಷಯದಲ್ಲಿ ಇದು ಬಹಳ ಸೂಕ್ಷ್ಮ. ಈ ರೋಗವು ಬುಡಕಟ್ಟಿನವರಲ್ಲಿ ಮಾತ್ರವಲ್ಲ, ವಯನಾಡನ್ ಚೆಟ್ಟಿಗಳಲ್ಲಿಯೂ ಉಂಟು. ಮನೆಯೊಂದರ ಹೆಸರು ಒಮ್ಮೆ ಹೊರಬಿದ್ದರೆ ಆ ಮನೆಯ ಹೆಣ್ಣುಮಗಳ ಮದುವೆಯ ಮಾತು ನಿಲ್ಲಬಹುದು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನ ಯೋಜನೆಯಲ್ಲಿ ಪರೀಕ್ಷೆಯ ಫಲಿತಾಂಶವನ್ನು ತೋರಿಸುವ ಕಾರ್ಡುಗಳನ್ನು ಕೊಡುತ್ತಾರೆ. ಕಾರ್ಡು ಮದುವೆಗೆ ಮುನ್ನ ಎಚ್ಚರಿಸುವುದಕ್ಕೆ ಒಳ್ಳೆಯದು, ಬೀದಿಯಲ್ಲಿ ತೋರಿಸುವುದಕ್ಕಲ್ಲ. ಹೇಳಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಹಕ್ಕು ನೋವು ಉಂಡವರದು. ವಯನಾಡಿನಲ್ಲಿ ಈ ರೋಗಿಗಳು ತಮ್ಮದೇ ಸಂಘಟನೆಯನ್ನು ಕಟ್ಟಿಕೊಂಡು ಸರ್ಕಾರದ ಮುಂದೆ ತಮ್ಮ ಬೇಡಿಕೆಗಳನ್ನು ತಾವೇ ಮಂಡಿಸಿದ್ದಾರೆ. ಅವರ ಪರವಾಗಿ ಬೇರೆಯವರು ಮಾತನಾಡಬೇಕಾದ ಕಾಲ ಹಿಂದಾಯಿತು.

ಉಳಿದದ್ದು ಭಾಷೆಯ ಪ್ರಶ್ನೆ. ತಿರುನೆಲ್ಲಿ ಪಂಚಾಯಿತಿಯ ತೃಶ್ಶಿಲೇರಿಯಲ್ಲಿ ಹುಟ್ಟಿದ ಅಡಿಯ ನಾಯಕಿ ಸಿ.ಕೆ. ಜಾನು ತಮ್ಮ ಬದುಕನ್ನು ಬಾಯಲ್ಲಿ ಹೇಳಿದರು. ಭಾಸ್ಕರನ್ ಅವರು ಅದನ್ನು ಮಲೆಯಾಳದಲ್ಲಿ ಬರೆದುಕೊಂಡರು. ಅದು 2004ರಲ್ಲಿ ಇಂಗ್ಲಿಷಿಗೂ ಹೋಯಿತು. ಶಾಲೆಯ ಓದು ಇಲ್ಲದವರ ಮಾತು ಪುಸ್ತಕವಾಗಿ ದೂರದವರನ್ನು ಮುಟ್ಟಬಹುದೆಂಬುದಕ್ಕೆ ಇದು ನಿದರ್ಶನ. ಒಂದು ಭಾಷೆಯಲ್ಲಿ ಪಟ್ಟ ನೋವು ಇನ್ನೊಂದಕ್ಕೆ ದಾಟುವಾಗ ಏನಾದರೂ ಸೋರಿಹೋಗುತ್ತದೆಂಬುದೂ ಅಷ್ಟೇ ನಿಜ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ, ಬಸದಿಯಲ್ಲಿ ಪ್ರಾಕೃತ, ಸಂಸ್ಕೃತಗಳನ್ನು ಆಡಿ ಕೇಳುವ ಜೈನ ಕುಟುಂಬಗಳಿಗೆ ಈ ಸೋರಿಕೆ ಪರಿಚಿತವಾದುದೇ. ಗುಜರಾತಿ, ಮಾರವಾಡಿ ಬಂಧುಗಳಿಗೂ ಹಾಗೆಯೇ. ವೈದ್ಯರು ಎಲ್ಲಿ ನೋಯುತ್ತದೆಂದು ಮಲೆಯಾಳದಲ್ಲಿ ಕೇಳುತ್ತಾರೆ. ಅಜ್ಜಿ ರಾವುಳದಲ್ಲಿ ಹೇಳುತ್ತಾಳೆ. ನಡುವೆ ಮೊಮ್ಮಗನೋ, ಗಿರಿಜನ ಇಲಾಖೆಯ ಪ್ರಮೋಟರೋ ತನಗೆ ತಿಳಿದಷ್ಟನ್ನು ದಾಟಿಸುತ್ತಾನೆ. ಕೇಸ್ ಷೀಟಿನಲ್ಲಿ ಅದು ಇಂಗ್ಲಿಷಿನ ಎರಡು ಪದಗಳಾಗುತ್ತದೆ.

ಯಾವುದಾದರೂ ಟ್ರಸ್ಟು ತನ್ನ ಔಷಧದಾನದ ನೆನಪುಗಳನ್ನು ಕೂಡಿಹಾಕಲು ಮುಂದಾದರೆ, ಧ್ವನಿಮುದ್ರಣದ ಯಂತ್ರವನ್ನು ಮೊದಲು ಆ ಮೊಮ್ಮಗನ ಮುಂದೆ ಇಡಬಹುದು. ಅಜ್ಜಿ ಅಂದು ಹೇಳಿದ್ದರಲ್ಲಿ ಯಾವ ಮಾತನ್ನು ದಾಟಿಸಲು ಅವನಿಗೆ ಆಗಲಿಲ್ಲ ಎಂದು ಕೇಳಬಹುದು. ಅಜ್ಜಿ ಬದುಕಿದ್ದರೆ, ಆಕೆ ಒಪ್ಪಿದರೆ, ಆಕೆಯ ನುಡಿಯಲ್ಲಿಯೇ ಕೇಳಿ, ಅರ್ಥವಾಗದಿದ್ದರೂ ಹಾಗೆಯೇ ಇಟ್ಟುಕೊಳ್ಳಬಹುದು. ಹಿರಿಯ ವೈದ್ಯರ ಸರದಿ ಆಮೇಲೆ ಬಂದರೂ ಅವರು ಬೇಸರಪಡಲಾರರು. ವಾರ್ಡಿನಲ್ಲಿ ಅವರು ದಿನವೂ ಮಾಡುತ್ತಿದ್ದ ಕೆಲಸವೂ ಮೊದಲು ರೋಗಿಯನ್ನು ಕೇಳುವುದೇ ಆಗಿತ್ತು.